ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಆಧುನಿಕ ಸಾರಿಗೆ ಉದ್ಯಮಕ್ಕೆ ಅಡಿಪಾಯ ಹಾಕಿದ ಕೈಗಾರಿಕೋದ್ಯಮಿಗಳಲ್ಲಿ ಪ್ರಮುಖರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಹಡಗು ಸಂಸ್ಥೆ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ವಿಶಾಖಪಟ್ಟಣದ ಹಡಗುಕಟ್ಟೆ ಹಾಗೂ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಗಳ ಸ್ಥಾಪನೆಯಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ಪ್ರೀಮಿಯರ್ ಸಂಸ್ಥೆ ಇಟಲಿಯ ಫಿಯೆಟ್ ಕಂಪನಿಯ ಸಹಯೋಗದಲ್ಲಿ ತಯಾರಿಸಿದ ಚಿಕ್ಕ ಕಾರು ಸೆಲೆಕ್ಟ್, ಡಿಲೈಟ್, ಪ್ರೆಸಿಡೆಂಟ್, ಪದ್ಮಿನಿ ಮೊದಲಾದ ಹೆಸರುಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಮಾರಾಟವಾಯಿತು. ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಲು ಸರ್ ಎಂ. ವಿಶ್ವೇಶ್ವರಯ್ಯನವರೊಡನೆ ಅವರು ನಡೆಸಿದ ಪ್ರಯತ್ನ ಕರ್ನಾಟಕದ ಕೈಗಾರಿಕಾ ಇತಿಹಾಸದ ಒಂದು ಮುಖ್ಯ ಅಧ್ಯಾಯವಾಗಿದೆ.

## ಜನನ ಮತ್ತು ಕುಟುಂಬ

ವಾಲ್‌ಚಂದ್ ಅವರು ಸೊಲ್ಲಾಪುರದಲ್ಲಿ ಗುಜರಾತಿ ಮಾತನಾಡುವ ದಿಗಂಬರ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಈ ಕುಟುಂಬದ ಮೂಲ ಸೌರಾಷ್ಟ್ರದ ವಾಂಕಾನೇರ್. ಹತ್ತಿ ವ್ಯಾಪಾರ ಮತ್ತು ಲೇವಾದೇವಿ ಕುಟುಂಬದ ವೃತ್ತಿಯಾಗಿತ್ತು. ಸೊಲ್ಲಾಪುರವು ಮರಾಠಿ, ಕನ್ನಡ, ತೆಲುಗು ಮತ್ತು ಉರ್ದು ಭಾಷಿಕರು ಒಟ್ಟಿಗೆ ಬಾಳಿದ ಗಡಿನಗರ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮರ ಊರಾದ ಈ ನಗರದ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಗ್ರಾಮಗಳಲ್ಲಿ ಇಂದಿಗೂ ಕನ್ನಡ ಬಳಕೆಯಲ್ಲಿದೆ.

ತಂದೆ ಹೀರಾಚಂದ್ ನೇಮಚಂದ್ ದೋಶಿ ಅವರು ಜೈನ ಸಮಾಜದ ಸುಧಾರಕರಾಗಿದ್ದರು. 1880ರ ದಶಕದಲ್ಲಿ ಅವರು ಸೊಲ್ಲಾಪುರದಿಂದ ಜೈನ ಬೋಧಕ ಎಂಬ ಪತ್ರಿಕೆಯನ್ನು ಆರಂಭಿಸಿದರು. ದಕ್ಷಿಣ ಕನ್ನಡದ ಮೂಡುಬಿದಿರೆಯ ಜೈನ ಬಸದಿಯಲ್ಲಿದ್ದ ಧವಲಾ ಮತ್ತು ಜಯಧವಲಾ ತಾಳೆಗರಿ ಗ್ರಂಥಗಳನ್ನು ಪ್ರತಿಮಾಡಿಸಿ ಉಳಿಸುವ ಕಾರ್ಯಕ್ಕೆ ಮುಂಬಯಿಯ ಮಾಣಿಕಚಂದ್ ಅವರೊಡನೆ ಚಾಲನೆ ನೀಡಿದವರಲ್ಲಿ ಅವರೂ ಒಬ್ಬರು. ಹೀಗೆ ಕುಟುಂಬಕ್ಕೆ ಕನ್ನಡ ನಾಡಿನ ಸಂಪರ್ಕ ವಾಲ್‌ಚಂದ್ ಅವರ ಉದ್ಯಮ ಜೀವನಕ್ಕಿಂತ ಮೊದಲೇ ಇತ್ತು.

ವಾಲ್‌ಚಂದ್ ಅವರು 1899ರಲ್ಲಿ ಸೊಲ್ಲಾಪುರದ ಸರ್ಕಾರಿ ಪ್ರೌಢಶಾಲೆಯಿಂದ ಮೆಟ್ರಿಕ್ಯುಲೇಷನ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಕುಟುಂಬದ ವ್ಯವಹಾರಕ್ಕೆ ನೆರವಾಗಬೇಕಾದ ಕಾರಣ ಪದವಿ ಪೂರೈಸದೆ ಶಿಕ್ಷಣ ನಿಲ್ಲಿಸಿದರು. ಆದರೆ ಹತ್ತಿ ವ್ಯಾಪಾರ ಮತ್ತು ಲೇವಾದೇವಿಯಲ್ಲಿ ಅವರಿಗೆ ಆಸಕ್ತಿ ಮೂಡಲಿಲ್ಲ.

## ಗುತ್ತಿಗೆ ವ್ಯವಹಾರ

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಬಳವಂತ ಫಾಟಕ್ ಅವರೊಂದಿಗೆ ಸೇರಿ ವಾಲ್‌ಚಂದ್ ಅವರು 1903ರ ಸುಮಾರಿಗೆ ರೈಲುಮಾರ್ಗದ ಗುತ್ತಿಗೆ ಕೆಲಸ ಆರಂಭಿಸಿದರು. ಫಾಟಕ್ ಅವರಿಗೆ ಕೆಲಸದ ಅನುಭವವಿತ್ತು, ವಾಲ್‌ಚಂದ್ ಅವರು ಬಂಡವಾಳ ಒದಗಿಸಿದರು. ಬಾರ್ಸಿ ಲೈಟ್ ರೈಲ್ವೆಯ ಕಿರಿದಳತೆಯ ಮಾರ್ಗದ ಕೆಲಸ ಅವರ ಮೊದಲ ಗುತ್ತಿಗೆಗಳಲ್ಲೊಂದು. ಇದೇ ರೈಲ್ವೆ ಮುಂದೆ 1927ರಲ್ಲಿ ಪಂಢರಪುರದಿಂದ ಮಿರಜ್‌ವರೆಗೆ ವಿಸ್ತರಣೆಗೊಂಡು, ಇಂದಿನ ಬೆಳಗಾವಿ ಜಿಲ್ಲೆಯ ಕಾಗವಾಡದ ಸಮೀಪಕ್ಕೆ ಬಂದಿತು.

ಮೊದಲ ಮಹಾಯುದ್ಧದ ನಂತರ ಅವರ ಗುತ್ತಿಗೆ ವ್ಯವಹಾರ ಬೃಹತ್ ಕಾಮಗಾರಿಗಳತ್ತ ಬೆಳೆಯಿತು. 1920ರಲ್ಲಿ ಅವರ ಸಂಸ್ಥೆ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿಯೊಂದಿಗೆ ಒಂದಾಯಿತು. ಈ ಕಂಪನಿ 1935ರಲ್ಲಿ ಪ್ರೀಮಿಯರ್ ಕನ್‌ಸ್ಟ್ರಕ್ಷನ್ ಎಂಬ ಹೆಸರು ಪಡೆಯಿತು. 1926ರಲ್ಲಿ ಅವರು ಆರಂಭಿಸಿದ ಮತ್ತೊಂದು ಸಂಸ್ಥೆ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯಾಗಿ ಬೆಳೆಯಿತು. ಮುಂಬಯಿ–ಪುಣೆ ಮಾರ್ಗದ ಭೋರ್ ಘಾಟ್ ಸುರಂಗಗಳು, ಮುಂಬಯಿ ನಗರಕ್ಕೆ ತಾನ್ಸಾ ಜಲಾಶಯದಿಂದ ನೀರು ತರುವ ಕೊಳವೆಮಾರ್ಗ ಮತ್ತು ಸಿಂಧೂ ನದಿಗೆ ಕಾಲಾಬಾಗ್‌ನಲ್ಲಿ ಕಟ್ಟಿದ ಸೇತುವೆ ಅವರ ಸಂಸ್ಥೆಗಳು ಕೈಗೊಂಡ ಕಾಮಗಾರಿಗಳಲ್ಲಿ ಮುಖ್ಯವಾದವು.

## ಹಡಗು ಸಾರಿಗೆ

1919ರಲ್ಲಿ ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ ಒಡೆತನದಲ್ಲಿದ್ದ, ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಬಳಕೆಯಾಗಿದ್ದ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿತ್ತು. ವಾಲ್‌ಚಂದ್ ಅವರು ನರೋತ್ತಮ್ ಮೊರಾರ್ಜಿ, ಕಿಲಾಚಂದ್ ದೇವಚಂದ್ ಮೊದಲಾದವರೊಡನೆ ಸೇರಿ ಅದನ್ನು ಖರೀದಿಸಿ, ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಲಾಯಲ್ಟಿ 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್‌ಗೆ ಹೊರಟಿತು. ಈ ದಿನವನ್ನು 1964ರಿಂದ ಭಾರತದಲ್ಲಿ ರಾಷ್ಟ್ರೀಯ ಕಡಲಯಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ಆ ಕಾಲದ ಭಾರತದ ಕರಾವಳಿ ಸಾಗಣೆ ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿತ್ತು. ಅವು ಸಾಗಣೆ ದರವನ್ನು ತೀವ್ರವಾಗಿ ಇಳಿಸಿ ಹೊಸ ಸಂಸ್ಥೆಯನ್ನು ಮಣಿಸಲು ಯತ್ನಿಸಿದವು. 1923ರಲ್ಲಿ ಆದ ಒಪ್ಪಂದದಿಂದ ಸಿಂಧಿಯಾ ಉಳಿಯಿತಾದರೂ ಅದರ ಹಡಗುಗಳ ಒಟ್ಟು ಸಾಮರ್ಥ್ಯಕ್ಕೆ ಮಿತಿ ಬಿದ್ದು, ವ್ಯವಹಾರ ಕರಾವಳಿ ಸರಕಿಗೆ ಸೀಮಿತವಾಯಿತು. 1929ರಲ್ಲಿ ನರೋತ್ತಮ್ ಮೊರಾರ್ಜಿ ನಿಧನರಾದ ನಂತರ ವಾಲ್‌ಚಂದ್ ಅಧ್ಯಕ್ಷರಾಗಿ 1950ರವರೆಗೆ ಆ ಸ್ಥಾನದಲ್ಲಿದ್ದರು. ಸರ್ಕಾರದ ನೀತಿಯ ಬೆಂಬಲವಿಲ್ಲದೆ ಭಾರೀ ಉದ್ಯಮ ನೆಲೆಗೊಳ್ಳುವುದು ಕಷ್ಟ ಎಂಬ ಹಡಗು ಉದ್ಯಮದ ಈ ಅನುಭವವೇ ಮುಂದೆ ಮೋಟಾರು ಕಾರ್ಖಾನೆಯ ವಿಷಯದಲ್ಲೂ ಎದುರಾಯಿತು.

## ಸಕ್ಕರೆ ಮತ್ತು ಕೃಷಿ ಉದ್ಯಮ

ನಾಸಿಕ್ ಜಿಲ್ಲೆಯ ರಾವಳಗಾಂವ್ ಹಾಗೂ ಪುಣೆ ಜಿಲ್ಲೆಯ ಕಳಂಬ್ ಬಳಿ ವಾಲ್‌ಚಂದ್ ಅವರು ಒಣಭೂಮಿಯನ್ನು ಪಡೆದು ಕಬ್ಬಿನ ಬೇಸಾಯ ಆರಂಭಿಸಿದರು. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ನಂತರ ಎರಡೂ ಕಡೆ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಕಳಂಬ್ ಬಳಿಯ ನೆಲೆ ವಾಲ್‌ಚಂದ್‌ನಗರ ಎಂಬ ಕೈಗಾರಿಕಾ ಪಟ್ಟಣವಾಯಿತು. ರಾವಳಗಾಂವ್‌ನ ಹೆಸರು ಅಲ್ಲಿ ತಯಾರಾದ ಮಿಠಾಯಿಗಳಿಂದ ಮನೆಮಾತಾಯಿತು.

ಸುಂಕ ರಕ್ಷಣೆಯಿಂದ ಆರಂಭವಾದ ಖಾಸಗಿ ಸಕ್ಕರೆ ಉದ್ಯಮದ ಈ ಅಲೆ ಕೃಷ್ಣಾ ಕಣಿವೆಯ ಇತರ ಭಾಗಗಳಿಗೂ ಹರಡಿತು. ಇಂದಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಶಿರಗಾವಕರ ಕುಟುಂಬ 1939ರಲ್ಲಿ ಸ್ಥಾಪಿಸಿದ ಉಗಾರ ಸಕ್ಕರೆ ಕಾರ್ಖಾನೆ ಇದೇ ದಶಕದ ಕೂಸು.

## ಮೋಟಾರು ಕಾರ್ಖಾನೆಯ ಯೋಜನೆ

### ಹಿನ್ನೆಲೆ

1930ರ ದಶಕದಲ್ಲಿ ಭಾರತದಲ್ಲಿ ಓಡಾಡುತ್ತಿದ್ದ ಮೋಟಾರು ವಾಹನಗಳು ವಿದೇಶದಲ್ಲಿ ತಯಾರಾದವು. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ವಾಹನಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕಂಪನಿಯೂ ಜೋಡಣಾ ಘಟಕಗಳನ್ನು ಹೊಂದಿತ್ತು. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸುವುದಷ್ಟೇ ಇಲ್ಲಿನ ಕೆಲಸವಾಗಿದ್ದು, ಎಂಜಿನ್, ಗೇರ್ ಪೆಟ್ಟಿಗೆ ಅಥವಾ ಆಕ್ಸಲ್ ತಯಾರಿಸುವ ಕೌಶಲ ದೇಶದಲ್ಲಿ ಬೆಳೆಯುತ್ತಿರಲಿಲ್ಲ.

ಮೈಸೂರಿನ ನಿವೃತ್ತ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್ ಮತ್ತು ಅಮೆರಿಕ ಪ್ರವಾಸ ಕೈಗೊಂಡು ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಅಧ್ಯಯನ ಮಾಡಿದರು. ಹಿಂದಿರುಗಿದ ಮೇಲೆ ಭಾರತದಲ್ಲಿ ಕಾರು ಮತ್ತು ಟ್ರಕ್ಕುಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಇದನ್ನು ಕಾರ್ಯರೂಪಕ್ಕೆ ತರಲು ಮುಂದೆ ಬಂದ ಉದ್ಯಮಿಗಳಲ್ಲಿ ವಾಲ್‌ಚಂದ್ ಅವರು ಅಗ್ರಗಣ್ಯರು.

### ಮುಂಬಯಿ ಪ್ರಾಂತ್ಯದ ಬೆಂಬಲ

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ. ಜಿ. ಖೇರ್ ಅವರ ನೇತೃತ್ವದ ಕಾಂಗ್ರೆಸ್ ಸರ್ಕಾರ ಅಧಿಕಾರಕ್ಕೆ ಬಂದಿತು. ಚಿಕ್ಕೋಡಿ, ಅಥಣಿಗಳನ್ನೊಳಗೊಂಡ ಬೆಳಗಾವಿ ಜಿಲ್ಲೆ ಆಗ ಈ ಪ್ರಾಂತ್ಯದ ಭಾಗವಾಗಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಖೇರ್ ಸರ್ಕಾರ ಮೋಟಾರು ಕಾರ್ಖಾನೆಯ ಯೋಜನೆಗೆ ನೆರವು ನೀಡಲು ಒಲವು ತೋರಿತು. ವಾಲ್‌ಚಂದ್ ಅವರು 1939ರಲ್ಲಿ ಅಮೆರಿಕಕ್ಕೆ ತೆರಳಿ ಅಲ್ಲಿನ ಕಂಪನಿಗಳೊಂದಿಗೆ ಮಾತುಕತೆ ನಡೆಸಿದರು. ಫೋರ್ಡ್ ಕಂಪನಿಯೊಂದಿಗಿನ ಮಾತುಕತೆ ಫಲಿಸಲಿಲ್ಲ. ಕ್ರೈಸ್ಲರ್ ಕಂಪನಿ ತಾಂತ್ರಿಕ ಸಹಯೋಗಕ್ಕೆ ಒಪ್ಪಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ, ಭಾರತವನ್ನು ಯುದ್ಧಕ್ಕೆ ಎಳೆದ ಕ್ರಮವನ್ನು ವಿರೋಧಿಸಿ ಪ್ರಾಂತೀಯ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ನೀಡಿದವು. ಮುಂಬಯಿಯ ಬೆಂಬಲ ಹೀಗೆ ಕೈತಪ್ಪಿತು.

### ಮೈಸೂರಿನ ಪ್ರಯತ್ನ

ನಂತರ ವಿಶ್ವೇಶ್ವರಯ್ಯ ಮತ್ತು ವಾಲ್‌ಚಂದ್ ಅವರು ಮೈಸೂರು ಸಂಸ್ಥಾನದತ್ತ ಮುಖ ಮಾಡಿದರು. ಬೆಂಗಳೂರು ಇಂಥ ಉದ್ಯಮಕ್ಕೆ ಅನುಕೂಲಕರವಾಗಿತ್ತು. ಶಿವನಸಮುದ್ರದ ಜಲವಿದ್ಯುತ್ 1902ರಿಂದಲೇ ಲಭ್ಯವಿತ್ತು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿತ್ತು, ನಗರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಎಂಜಿನಿಯರಿಂಗ್ ಕಾಲೇಜು ಇದ್ದವು. ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಯೋಜನೆಯಲ್ಲಿ ಪಾಲು ವಹಿಸಲು ಸಿದ್ಧವಾಗಿತ್ತು.

ಆದರೆ ಭಾರತದ ಬ್ರಿಟಿಷ್ ಸರ್ಕಾರ ಇದಕ್ಕೆ ಸಮ್ಮತಿಸಲಿಲ್ಲ. ಮೋಟಾರು ಕಾರ್ಖಾನೆಯನ್ನು ಯುದ್ಧ ಪ್ರಯತ್ನಕ್ಕೆ ನೆರವಾಗುವ ಉದ್ಯಮವೆಂದು ಪರಿಗಣಿಸಲು ಅದು ನಿರಾಕರಿಸಿತು. ಸೇನೆಗೆ ಬೇಕಾದ ಟ್ರಕ್ಕುಗಳನ್ನು ವಿದೇಶಗಳಿಂದ ತರಿಸಲಾಗುತ್ತಿದ್ದ ಕಾಲದಲ್ಲೇ ಈ ನಿಲುವು ತಳೆದದ್ದು ವ್ಯಾಪಕ ಟೀಕೆಗೆ ಗುರಿಯಾಯಿತು. ಸಾರ್ವಭೌಮ ಸರ್ಕಾರದ ವಿರೋಧ ಕಟ್ಟಿಕೊಂಡು ಮುಂದುವರಿಯಲು ಸಂಸ್ಥಾನಕ್ಕೆ ಸಾಧ್ಯವಾಗಲಿಲ್ಲ. ಬೆಂಗಳೂರಿನ ಮೋಟಾರು ಕಾರ್ಖಾನೆ ಕಾಗದದ ಮೇಲೆಯೇ ಉಳಿಯಿತು. ವಿಶ್ವೇಶ್ವರಯ್ಯನವರು ಈ ಪ್ರಯತ್ನವನ್ನು 1951ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

## ಬೆಂಗಳೂರಿನ ವಿಮಾನ ಕಾರ್ಖಾನೆ

ಕಾರು ಕಾರ್ಖಾನೆಗೆ ಸಿಗದ ಅನುಮತಿ ವಿಮಾನ ಕಾರ್ಖಾನೆಗೆ ದೊರೆಯಿತು. 1939ರಲ್ಲಿ ಅಮೆರಿಕದಿಂದ ಹಿಂದಿರುಗುವ ಪ್ರಯಾಣದಲ್ಲಿ ವಾಲ್‌ಚಂದ್ ಅವರಿಗೆ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ಉದ್ಯಮಿ ವಿಲಿಯಂ ಪಾಲಿ ಅವರ ಪರಿಚಯವಾಯಿತು. ಪಾಲಿ ಅವರ ತಾಂತ್ರಿಕ ನೆರವಿನೊಂದಿಗೆ ಭಾರತದಲ್ಲಿ ವಿಮಾನ ತಯಾರಿಸುವ ಯೋಜನೆ ರೂಪುಗೊಂಡಿತು. ಏಷ್ಯಾದಲ್ಲಿ ಯುದ್ಧ ಹರಡುವ ಸಾಧ್ಯತೆಯಿದ್ದುದರಿಂದ ಸರ್ಕಾರವೂ ಇದಕ್ಕೆ ಒಪ್ಪಿತು. ಮೈಸೂರು ಸಂಸ್ಥಾನ ಭೂಮಿಯನ್ನು ಒದಗಿಸಿ 25 ಲಕ್ಷ ರೂಪಾಯಿ ಬಂಡವಾಳ ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಬೆಂಗಳೂರಿನಲ್ಲಿ ನೋಂದಣಿಯಾಯಿತು.

1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಪಾಲುದಾರನಾಗಿ ಸೇರಿತು. ಅದೇ ವರ್ಷ ಹಾರ್ಲೋ ಪಿಸಿ-5 ಎಂಬ ತರಬೇತಿ ವಿಮಾನ ಇಲ್ಲಿ ಸಿದ್ಧವಾಗಿ ಹಾರಿತು. ಜಪಾನ್ ಯುದ್ಧಕ್ಕಿಳಿದ ನಂತರ, 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಖರೀದಿಸಿ ಕಾರ್ಖಾನೆಯ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಮಾರದೆ ಉಳಿಸಿಕೊಂಡಿತಾದರೂ ಆಡಳಿತವನ್ನು ಬಿಟ್ಟುಕೊಟ್ಟಿತು. ಯುದ್ಧದ ಉಳಿದ ಅವಧಿಯಲ್ಲಿ ಕಾರ್ಖಾನೆ ಮುಖ್ಯವಾಗಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯಲ್ಲಿ ತೊಡಗಿತ್ತು. ಇದೇ ಸಂಸ್ಥೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್, ಆಯಿತು. ವಾಲ್‌ಚಂದ್ ಅವರ ನೇರ ಸಂಬಂಧ ಒಂದೂವರೆ ವರ್ಷಕ್ಕಿಂತ ಕಡಿಮೆ ಅವಧಿಯದಾದರೂ, ಬೆಂಗಳೂರು ಮುಂದೆ ವಿಮಾನೋದ್ಯಮದ ಕೇಂದ್ರವಾಗಲು ಈ ಕಾರ್ಖಾನೆ ಕಾರಣವಾಯಿತು.

ಇದೇ ವರ್ಷಗಳಲ್ಲಿ ಸಿಂಧಿಯಾ ಸಂಸ್ಥೆ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆ ನಿರ್ಮಿಸಿತು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದ್ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಅಲ್ಲಿ ಕಟ್ಟಿದ ಜಲ ಉಷಾ ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ನೀರಿಗಿಳಿಸಿದರು.

## ಪ್ರೀಮಿಯರ್ ಆಟೊಮೊಬೈಲ್ಸ್

ಮೈಸೂರಿನ ಯೋಜನೆ ಕೈಬಿಟ್ಟ ಮೇಲೂ ವಾಲ್‌ಚಂದ್ ಅವರು ಮೋಟಾರು ತಯಾರಿಕೆಯ ಆಲೋಚನೆಯನ್ನು ಬಿಡಲಿಲ್ಲ. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಅಷ್ಟರೊಳಗೆ ಬಿರ್ಲಾ ಕುಟುಂಬ 1942ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯನ್ನು ಆರಂಭಿಸಿತ್ತು. ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ 1947ರಲ್ಲಿ, ಸ್ವಾತಂತ್ರ್ಯ ದೊರೆತ ವರ್ಷದಲ್ಲಿ, ಕ್ರೈಸ್ಲರ್ ಸಹಯೋಗದ ಮೊದಲ ವಾಹನಗಳು ಹೊರಬಂದವು.

ಕ್ರೈಸ್ಲರ್ ಕಂಪನಿ ಒಂದೇ ವಾಹನವನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವ ಪದ್ಧತಿ ಹೊಂದಿತ್ತು. ಪ್ರೀಮಿಯರ್ ಇದೇ ಪದ್ಧತಿಯನ್ನು ಅನುಸರಿಸಿತು. ಒಂದೇ ಬಗೆಯ ಟ್ರಕ್ಕು ಡಾಜ್, ಡಿಸೋಟೊ ಮತ್ತು ಫಾರ್ಗೊ ಎಂಬ ಮೂರು ಹೆಸರುಗಳಲ್ಲಿ ಮಾರಾಟವಾಯಿತು. ಕಾರುಗಳಲ್ಲಿಯೂ ಡಾಜ್, ಪ್ಲಿಮತ್ ಮತ್ತು ಡಿಸೋಟೊ ಮಾದರಿಗಳ ನಡುವೆ ಮುಂಭಾಗದ ಜಾಲರಿ, ಲಾಂಛನ ಮತ್ತು ಅಲಂಕಾರಪಟ್ಟಿಗಳ ವ್ಯತ್ಯಾಸವೇ ಮುಖ್ಯವಾಗಿತ್ತು. ಆದರೆ ಹೆಚ್ಚು ಪೆಟ್ರೋಲ್ ಬೇಡುವ ಈ ದೊಡ್ಡ ಅಮೆರಿಕನ್ ಕಾರುಗಳು ಮಧ್ಯಮ ವರ್ಗದ ಕೈಗೆಟುಕುವಂತಿರಲಿಲ್ಲ.

ಚಿಕ್ಕ ಕಾರಿಗಾಗಿ ಸಂಸ್ಥೆ ಇಟಲಿಯ ಫಿಯೆಟ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 1951ರ ಸುಮಾರಿಗೆ ಫಿಯೆಟ್ 500 ಕಾರಿನ ಜೋಡಣೆ ಆರಂಭವಾಯಿತು. 569 ಸಿಸಿ ಎಂಜಿನ್ ಹೊಂದಿದ್ದ ಈ ಪುಟ್ಟ ಕಾರು ಇಟಲಿಯಲ್ಲಿ ಟೊಪೊಲಿನೊ, ಎಂದರೆ ಇಲಿಮರಿ, ಎಂಬ ಅಡ್ಡಹೆಸರು ಪಡೆದಿತ್ತು.

## ಅನಾರೋಗ್ಯ ಮತ್ತು ನಿಧನ

1949ರಲ್ಲಿ ವಾಲ್‌ಚಂದ್ ಅವರು ಪಾರ್ಶ್ವವಾಯುವಿಗೆ ತುತ್ತಾದರು. 1950ರಲ್ಲಿ ಉದ್ಯಮದ ಹೊಣೆಗಳಿಂದ ನಿವೃತ್ತರಾದರು. ಸಂಸ್ಥೆಗಳ ಆಡಳಿತ ಸಹೋದರರಾದ ಗುಲಾಬಚಂದ್, ರತನಚಂದ್ ಮತ್ತು ಲಾಲಚಂದ್ ಅವರ ಕೈಗೆ ಬಂದಿತು. ಕೊನೆಯ ವರ್ಷಗಳಲ್ಲಿ ಪತ್ನಿ ಕಸ್ತೂರಬಾಯಿ ಅವರ ಆರೈಕೆಯಲ್ಲಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು.

ಅವರು ನಿಧನರಾದ ವರ್ಷವೇ ಭಾರತ ಸರ್ಕಾರ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಕಾರ್ಯಕ್ರಮ ಹೊಂದಿದ ಸಂಸ್ಥೆಗಳಿಗೆ ಮಾತ್ರ ಮೋಟಾರು ಉದ್ಯಮದಲ್ಲಿ ಅವಕಾಶ ನೀಡುವ ನೀತಿಯನ್ನು ಅಂಗೀಕರಿಸಿತು. ಜೋಡಣೆಯನ್ನಷ್ಟೇ ನೆಚ್ಚಿಕೊಂಡಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ತಮ್ಮ ಘಟಕಗಳನ್ನು ಮುಚ್ಚಿದವು. ವಿಶ್ವೇಶ್ವರಯ್ಯ ಮತ್ತು ವಾಲ್‌ಚಂದ್ ಅವರು ಹದಿನೈದು ವರ್ಷಗಳ ಹಿಂದೆ ಕೇಳಿದ್ದ ನೀತಿಯ ಬೆಂಬಲ ಹೀಗೆ ದೊರೆಯಿತು.

## ಫಿಯೆಟ್ 1100 ಮತ್ತು ಅದರ ಆವೃತ್ತಿಗಳು

ವಾಲ್‌ಚಂದ್ ಅವರ ನಿಧನದ ಮರುವರ್ಷ, 1954ರಲ್ಲಿ, ಪ್ರೀಮಿಯರ್ ಸಂಸ್ಥೆ ಫಿಯೆಟ್ 1100 ಕಾರನ್ನು ಭಾರತದಲ್ಲಿ ಪರಿಚಯಿಸಿತು. ನಾಲ್ಕು ಬಾಗಿಲುಗಳ ಈ ಕಾರು 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಹೊಂದಿತ್ತು. ಪ್ರತ್ಯೇಕ ಚೌಕಟ್ಟಿನ ಬದಲು ಹೊರಕವಚವೇ ಭಾರ ಹೊರುವ ರಚನೆಯಿಂದಾಗಿ ಕಾರು ಹಗುರವಾಗಿತ್ತು. ಗೇರ್ ಸನ್ನೆ ಸ್ಟಿಯರಿಂಗ್ ಕಂಬದ ಮೇಲಿದ್ದುದರಿಂದ ಮುಂದಿನ ಉದ್ದನೆಯ ಆಸನದಲ್ಲಿ ಚಾಲಕನ ಜೊತೆ ಇಬ್ಬರು ಕೂರಬಹುದಿತ್ತು. ಗುಂಡನೆಯ ಆಕಾರದ ಆರಂಭಿಕ ಮಾದರಿಗಳನ್ನು ಮರಾಠಿ ಮಾತಾಡುವ ಪ್ರದೇಶದಲ್ಲಿ ಡುಕ್ಕರ್, ಅಂದರೆ ಹಂದಿ, ಫಿಯೆಟ್ ಎಂದು ಕರೆಯುವ ರೂಢಿಯಿತ್ತು.

ವಿದೇಶಿ ವಿನಿಮಯದ ಕೊರತೆ, ಉತ್ಪಾದನಾ ಪರವಾನಗಿ ಮತ್ತು ಚಿಕ್ಕ ಮಾರುಕಟ್ಟೆಯ ಕಾರಣ ಭಾರತದಲ್ಲಿ ಹೊಸ ಕಾರನ್ನು ರೂಪಿಸುವುದು ಕಷ್ಟವಾಗಿತ್ತು. ಹೊರಕವಚದ ತಗಡನ್ನು ಒತ್ತುವ ಅಚ್ಚುಗಳೇ ಅತ್ಯಂತ ದುಬಾರಿ. ಹೀಗಾಗಿ ಒಂದೇ ಮೂಲ ಕಾರನ್ನು ಇಟಲಿಯ ಮಾದರಿಯನ್ನು ಅನುಸರಿಸಿ ಆಗಾಗ ಸುಧಾರಿಸಿ, ಹೊಸ ಹೆಸರಿನಲ್ಲಿ ಬಿಡುಗಡೆ ಮಾಡುವ ಕ್ರಮ ಬೆಳೆಯಿತು. ಮುಖ್ಯ ಆವೃತ್ತಿಗಳು ಇವು:

* ಮಿಲೆಚೆಂಟೊ: ಇಟಾಲಿಯನ್ ಭಾಷೆಯಲ್ಲಿ ಸಾವಿರದ ನೂರು ಎಂಬ ಅರ್ಥದ ಈ ಹೆಸರು 1954ರ ಮೊದಲ ಮಾದರಿಗೆ ಬಳಕೆಯಾಯಿತು.
* ಎಲಿಗೆಂಟ್, ಸೆಲೆಕ್ಟ್ ಮತ್ತು ಸೂಪರ್ ಸೆಲೆಕ್ಟ್: 1964ಕ್ಕೆ ಮುಂಚಿನ ವರ್ಷಗಳಲ್ಲಿ ಒಂದರ ನಂತರ ಒಂದರಂತೆ ಬಂದ ಸುಧಾರಿತ ಆವೃತ್ತಿಗಳು.
* ಡಿಲೈಟ್: 1964ರಲ್ಲಿ ಬಂದ 1100 ಡಿ ಮಾದರಿ. ಸರಳ ರೇಖೆಗಳ ಈ ವಿನ್ಯಾಸವೇ ಕೊನೆಯವರೆಗೂ ಉಳಿಯಿತು.
* ಪ್ರೀಮಿಯರ್ ಪ್ರೆಸಿಡೆಂಟ್: 1972ರಲ್ಲಿ ಫಿಯೆಟ್ ಎಂಬ ಹೆಸರನ್ನು ಕೈಬಿಟ್ಟು ಅದೇ ಕಾರಿಗೆ ಇಟ್ಟ ಹೆಸರು.
* ಪ್ರೀಮಿಯರ್ ಪದ್ಮಿನಿ: 1974ರಿಂದ ಬಳಕೆಗೆ ಬಂದ ಹೆಸರು. ಚಿತ್ತೋಡದ ರಾಣಿ ಪದ್ಮಿನಿಯ ನೆನಪಿನದು.
* ಪದ್ಮಿನಿ ಡಿಲಕ್ಸ್, ಎಸ್1 ಮತ್ತು 137ಡಿ: ನಂತರದ ವಿಶೇಷ ಆವೃತ್ತಿಗಳು. ಎಸ್1ರಲ್ಲಿ ಗೇರ್ ಸನ್ನೆ ನೆಲಕ್ಕೆ ಬಂದು, ಮುಂದಿನ ಆಸನಗಳು ಬೇರೆಯಾದವು. 137ಡಿ ಡೀಸೆಲ್ ಎಂಜಿನ್ ಹೊಂದಿತ್ತು.

1960 ಮತ್ತು 70ರ ದಶಕಗಳಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್ ಹಾಗೂ ಮದರಾಸಿನ ಸ್ಟ್ಯಾಂಡರ್ಡ್ ಕಾರುಗಳ ಜೊತೆಗೆ ಫಿಯೆಟ್ ಭಾರತದ ರಸ್ತೆಗಳ ಮುಖ್ಯ ಕಾರಾಗಿತ್ತು. ಬೇಡಿಕೆಗೆ ತಕ್ಕ ಉತ್ಪಾದನೆ ಇಲ್ಲದ್ದರಿಂದ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ಅಂಬಾಸಡರ್‌ಗಿಂತ ಚಿಕ್ಕದಾದ ಈ ಕಾರು ಸ್ವಂತಕ್ಕೆ ಓಡಿಸುವ ವೈದ್ಯರು, ವಕೀಲರು ಮತ್ತು ವ್ಯಾಪಾರಿಗಳ ವಾಹನವಾಗಿ ಹೆಸರಾಯಿತು. ಮುಂಬಯಿಯಲ್ಲಿ ಕಪ್ಪು ಮತ್ತು ಹಳದಿ ಬಣ್ಣದ ಟ್ಯಾಕ್ಸಿಯಾಗಿ ಅದು ನಗರದ ಗುರುತೇ ಆಯಿತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಪದ್ಮಿನಿಯ ಬೇಡಿಕೆ ಕುಗ್ಗತೊಡಗಿತು. ಮುಂಚಕ್ರಗಳಿಗೆ ಶಕ್ತಿ ಒದಗಿಸುವ, ಹೆಚ್ಚು ಮೈಲೇಜ್ ಕೊಡುವ ಜಪಾನಿ ವಿನ್ಯಾಸದ ಮುಂದೆ 1950ರ ದಶಕದ ತಂತ್ರಜ್ಞಾನ ಹಳತೆನಿಸಿತು. ವಿಶೇಷ ಆವೃತ್ತಿಗಳ ಹೊಸ ಆಸನ, ಬಣ್ಣ ಮತ್ತು ಡೀಸೆಲ್ ಎಂಜಿನ್ ಈ ಅಂತರವನ್ನು ತುಂಬಲಿಲ್ಲ. 2000ದ ಸುಮಾರಿಗೆ ತಯಾರಿಕೆ ನಿಂತಿತು. ಟ್ಯಾಕ್ಸಿಗಳಿಗೆ ನಿಗದಿಯಾದ 20 ವರ್ಷಗಳ ಮಿತಿ ಮುಗಿದು, 2023ರ ಅಕ್ಟೋಬರ್ ಕೊನೆಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗಳಿಂದ ಮರೆಯಾದವು.

## ಗಡಿ ಪ್ರದೇಶದ ನಂಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ವಾಲ್‌ಚಂದ್ ಅವರ ಕಾರ್ಯಕ್ಷೇತ್ರದ ದಕ್ಷಿಣದ ಅಂಚಿನಲ್ಲಿವೆ. ಈ ಭಾಗವನ್ನೊಳಗೊಂಡ ಬೆಳಗಾವಿ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ, ಇಲ್ಲಿನ ವ್ಯಾಪಾರ ಮತ್ತು ಸಾರಿಗೆ ಮೀರಜ್, ಸಾಂಗಲಿ, ಕೊಲ್ಹಾಪುರ ಹಾಗೂ ಮುಂಬಯಿಯತ್ತ ಮುಖ ಮಾಡಿದ್ದವು. ನಿಪ್ಪಾಣಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿದ್ದರೆ, ರಾಯಬಾಗ ಮಿರಜ್–ಬೆಳಗಾವಿ ರೈಲುಮಾರ್ಗದಲ್ಲಿದೆ. ದಿಗಂಬರ ಜೈನರು ಗಣನೀಯ ಸಂಖ್ಯೆಯಲ್ಲಿರುವ ಪ್ರದೇಶವೂ ಇದಾಗಿದೆ.

ಕಾಗವಾಡದಿಂದ ಮಿರಜ್ ದಾಟಿದರೆ ಸಿಗುವ ಸಾಂಗಲಿಯಲ್ಲಿ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಇದೆ. 1947ರಲ್ಲಿ ಧೋಂಡುಮಾಮಾ ಸಾಠೆ ಅವರು ನ್ಯೂ ಎಂಜಿನಿಯರಿಂಗ್ ಕಾಲೇಜು ಎಂಬ ಹೆಸರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ, ವಾಲ್‌ಚಂದ್ ಕುಟುಂಬದ ದತ್ತಿಯ ನೆರವು ದೊರೆತ ನಂತರ 1955ರಲ್ಲಿ ಅವರ ಹೆಸರಿಡಲಾಯಿತು. ಗಡಿಯ ಈಚೆಗಿರುವ ಕನ್ನಡ ಪ್ರದೇಶಕ್ಕೆ ವಾಲ್‌ಚಂದ್ ಎಂಬ ಹೆಸರು ಕಾರಿಗಿಂತ ಹೆಚ್ಚಾಗಿ ಈ ಕಾಲೇಜಿನ ಮೂಲಕ ಪರಿಚಿತವಾಗಿದೆ.

## ಸಾರ್ವಜನಿಕ ಜೀವನ

ವಾಲ್‌ಚಂದ್ ಅವರು ಭಾರತೀಯ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳ ಒಕ್ಕೂಟದ ಸ್ಥಾಪನೆಗೆ ಶ್ರಮಿಸಿದವರಲ್ಲಿ ಒಬ್ಬರಾಗಿದ್ದು, 1932–33ರಲ್ಲಿ ಅದರ ಅಧ್ಯಕ್ಷರಾಗಿದ್ದರು. 1927ರಲ್ಲಿ ಮಹಾರಾಷ್ಟ್ರ ವಾಣಿಜ್ಯ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಸ್ವದೇಶಿ ಉದ್ಯಮದ ಪರವಾಗಿ ಬಹಿರಂಗವಾಗಿ ನಿಂತ ಅವರು ರಾಷ್ಟ್ರೀಯ ಚಳವಳಿಯ ನಾಯಕರೊಂದಿಗೆ ನಿಕಟ ಸಂಪರ್ಕ ಹೊಂದಿದ್ದರು.

## ಮೌಲ್ಯಮಾಪನ

ವಾಲ್‌ಚಂದ್ ಅವರು ಆರಂಭಿಸಿದ ಉದ್ಯಮಗಳಲ್ಲಿ ಹಲವು ಅವರ ಕೈಯಲ್ಲಿ ಉಳಿಯಲಿಲ್ಲ. ವಿಮಾನ ಕಾರ್ಖಾನೆಯನ್ನು ಯುದ್ಧಕಾಲದಲ್ಲಿ ಸರ್ಕಾರ ವಹಿಸಿಕೊಂಡಿತು. ಹಡಗುಕಟ್ಟೆ 1952ರಲ್ಲಿ ಬಹುಪಾಲು ಸರ್ಕಾರದ ಒಡೆತನಕ್ಕೆ ಹೋಯಿತು. ಕುಟುಂಬದ ಬಳಿ ಉಳಿದ ಮೋಟಾರು ಉದ್ಯಮ ದೀರ್ಘಕಾಲ ನಡೆಯಿತಾದರೂ, ಪೈಪೋಟಿ ಇಲ್ಲದ ಮಾರುಕಟ್ಟೆಯಲ್ಲಿ ಒಂದೇ ಕಾರನ್ನು ಹೊಸ ಹೆಸರುಗಳಲ್ಲಿ ಮುಂದುವರಿಸಿತು. ರಕ್ಷಣೆಯಿಲ್ಲದೆ ಹುಟ್ಟಲಾರದ ಉದ್ಯಮ ರಕ್ಷಣೆಯ ನೆರಳಿನಲ್ಲಿಯೇ ಹಳತಾಯಿತು ಎಂಬುದು ಅದರ ಇತಿಹಾಸದ ವೈರುಧ್ಯ.

ಮತ್ತೊಂದೆಡೆ, ಎಂಜಿನ್ ಮತ್ತು ಗೇರ್ ಪೆಟ್ಟಿಗೆಗಳನ್ನು ದೇಶದಲ್ಲೇ ತಯಾರಿಸುವ ಗುರಿ ಈಡೇರಿತು. ಪ್ರೀಮಿಯರ್ ಮತ್ತು ಅದರ ಸಮಕಾಲೀನ ಸಂಸ್ಥೆಗಳ ಬೇಡಿಕೆಯಿಂದ ಬಿಡಿಭಾಗ ತಯಾರಕರ ಒಂದು ವರ್ಗವೇ ಬೆಳೆಯಿತು. 1940ರ ದಶಕದಲ್ಲಿ ಕೈತಪ್ಪಿದ ಕಾರು ತಯಾರಿಕೆ ಬೆಂಗಳೂರಿಗೆ ನಿಧಾನವಾಗಿ ಬಂದಿತು. 1970ರ ದಶಕದಲ್ಲಿ ಸನ್‌ರೈಸ್ ಸಂಸ್ಥೆ ಅಲ್ಲಿ ಬಾದಲ್ ಎಂಬ ಮೂರು ಚಕ್ರದ ಚಿಕ್ಕ ವಾಹನವನ್ನು ತಯಾರಿಸಿತು. 1999ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭಿಸಿತು.

## ಸ್ಮರಣೆ

* ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಅವರ ಹೆಸರು ಹೊತ್ತ ಕೈಗಾರಿಕಾ ಪಟ್ಟಣ.
* ಸಾಂಗಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಮತ್ತು ಸೊಲ್ಲಾಪುರದ ವಾಲ್‌ಚಂದ್ ತಂತ್ರಜ್ಞಾನ ಸಂಸ್ಥೆ ಅವರ ಹೆಸರಿನಲ್ಲಿವೆ. ಸಾಂಗಲಿಯಲ್ಲಿ ಪತ್ನಿ ಕಸ್ತೂರಬಾಯಿ ಅವರ ಹೆಸರಿನ ಕಾಲೇಜೂ ಇದೆ.
* ಭಾರತೀಯ ಅಂಚೆ ಇಲಾಖೆ 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.